ಪರಿವೀಕ್ಷಣೆಯಲ್ಲಿರುವ ಮಕ್ಕಳ ಕುರಿತ ಸಂಶೋಧನೆಯ ಕಾನೂನು ಮಿತಿಗಳು

ಬಾಲನ್ಯಾಯ ವ್ಯವಸ್ಥೆಯಡಿ ಪರಿವೀಕ್ಷಣೆಯಲ್ಲಿ (ಪ್ರೊಬೇಷನ್) ಇರುವ ಮಕ್ಕಳನ್ನು ಸಂದರ್ಶಿಸುವ ಅಥವಾ ಅವರ ಕಡತಗಳನ್ನು ಅಧ್ಯಯನ ಮಾಡುವ ಸಂಶೋಧಕರು ಹಲವು ಕಾನೂನು ನಿರ್ಬಂಧಗಳಿಗೆ ಒಳಪಟ್ಟಿರುತ್ತಾರೆ. ಭಾರತದಲ್ಲಿ ಈ ಮಿತಿಗಳು ಬಾಲನ್ಯಾಯ, ಪೋಕ್ಸೊ ಮತ್ತು ವೈದ್ಯಕೀಯ ಸಂಶೋಧನೆಗೆ ಸಂಬಂಧಿಸಿದ ನಿಯಮಗಳಲ್ಲಿ ಹರಡಿಕೊಂಡಿವೆ. ಮಗುವಿನ ಗುರುತನ್ನು ಕಾಪಾಡುವುದು ಮತ್ತು ಒತ್ತಡವಿಲ್ಲದ ಒಪ್ಪಿಗೆಯನ್ನು ಖಚಿತಪಡಿಸುವುದು ಇವುಗಳ ಮುಖ್ಯ ಉದ್ದೇಶ.

ಹಿನ್ನೆಲೆ

ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015 ದಿನಾಂಕ 15 ಜನವರಿ 2016ರಂದು ಜಾರಿಗೆ ಬಂದಿತು. ಇದರ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು. ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗುವನ್ನು ಬಾಲನ್ಯಾಯ ಮಂಡಳಿಯು ಸನ್ನಡತೆಯ ಪರಿವೀಕ್ಷಣೆಯ ಮೇಲೆ ಪೋಷಕರ ಅಥವಾ ಅರ್ಹ ವ್ಯಕ್ತಿಯ ಪಾಲನೆಗೆ ಗರಿಷ್ಠ 3 ವರ್ಷಗಳ ಅವಧಿಗೆ ಒಪ್ಪಿಸಬಹುದು. ಮಗುವಿನ ಕೌಟುಂಬಿಕ ಹಿನ್ನೆಲೆಯನ್ನು ಒಳಗೊಂಡ ಸಾಮಾಜಿಕ ತನಿಖಾ ವರದಿಯನ್ನು ಪರಿವೀಕ್ಷಣಾಧಿಕಾರಿ ಸಿದ್ಧಪಡಿಸುತ್ತಾರೆ. ಸಂಶೋಧಕರಿಗೆ ಹೆಚ್ಚು ಉಪಯುಕ್ತವಾದ ಈ ದಾಖಲೆಯೇ ಹೆಚ್ಚು ಸೂಕ್ಷ್ಮವಾದುದೂ ಆಗಿದೆ.

ಗೋಪ್ಯತೆ

ಮಂಡಳಿಯು ಪರಿಶೀಲಿಸಿದ ಮಗುವಿನ ವರದಿಗಳೆಲ್ಲವೂ ಸೆಕ್ಷನ್ 99ರ ಅಡಿ ಗೋಪ್ಯವಾಗಿವೆ. ಸೆಕ್ಷನ್ 74 ಮಗುವಿನ ಹೆಸರು, ವಿಳಾಸ, ಶಾಲೆ ಮೊದಲಾದ ಗುರುತಿನ ವಿವರಗಳ ಪ್ರಕಟಣೆಯನ್ನು ನಿಷೇಧಿಸುತ್ತದೆ. ಮಗುವಿನ ಹಿತಕ್ಕೆ ಅಗತ್ಯವೆನಿಸಿದಾಗ ಮಾತ್ರ ಮಂಡಳಿಯು ಕಾರಣಗಳನ್ನು ಲಿಖಿತವಾಗಿ ದಾಖಲಿಸಿ ಅನುಮತಿ ನೀಡಬಹುದು. ಉಲ್ಲಂಘನೆಗೆ 6 ತಿಂಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹೆಸರನ್ನು ಬದಲಿಸಿದರೂ ಸಣ್ಣ ಊರು, ಶಾಲೆ ಮತ್ತು ಆರೋಪದ ವಿವರಗಳು ಒಟ್ಟುಗೂಡಿದರೆ ಮಗು ಪತ್ತೆಯಾಗಬಹುದು.

ಸೆಕ್ಷನ್ 24 ಕೆಲವು ವಿನಾಯಿತಿಗಳೊಂದಿಗೆ ಅಪರಾಧನಿರ್ಣಯದ ದಾಖಲೆಗಳ ನಾಶಕ್ಕೆ ಅವಕಾಶ ಕಲ್ಪಿಸುತ್ತದೆ. ಮಗುವಿಗೆ ಹೊಸ ಬದುಕು ದೊರೆಯಬೇಕೆಂಬುದು ಇದರ ಆಶಯ. ಆದ್ದರಿಂದ ಹಳೆಯ ಕಡತಗಳನ್ನು ಅವಲಂಬಿಸಿದ ದೀರ್ಘಾವಧಿ ಅಧ್ಯಯನಗಳಿಗೆ ಮಿತಿಯಿದೆ.

ಒಪ್ಪಿಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳಂತೆ ಪೋಷಕರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು. ಇದು 7ರಿಂದ 12 ವರ್ಷದವರಿಗೆ ಮೌಖಿಕವಾಗಿ, ನಂತರ 18 ವರ್ಷದವರೆಗೆ ಲಿಖಿತವಾಗಿ ಇರಬೇಕು. ಜೈವಿಕವೈದ್ಯಕೀಯ ಮತ್ತು ಆರೋಗ್ಯ ಸಂಶೋಧನೆಯನ್ನು ಈ ಮಾರ್ಗಸೂಚಿಗಳಂತೆ ನಡೆಸಬೇಕೆಂದು 2019ರ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳು ವಿಧಿಸುತ್ತವೆ. ಪರಿವೀಕ್ಷಣಾಧಿಕಾರಿಯ ಮೂಲಕ ಕೋರಿಕೆ ಬಂದಾಗ, ನಿರಾಕರಿಸಿದರೆ ತನಗೆ ತೊಂದರೆಯಾದೀತೆಂದು ಮಗು ಭಯಪಡುವ ಸಾಧ್ಯತೆ ಇರುವುದರಿಂದ, ಭಾಗವಹಿಸುವಿಕೆಯು ಮಂಡಳಿಯ ತೀರ್ಮಾನಕ್ಕೆ ಸಂಬಂಧಿಸಿಲ್ಲವೆಂದು ಸ್ಪಷ್ಟಪಡಿಸುವುದು ಅವಶ್ಯಕ.

ಗೋಪ್ಯತೆಯ ಭರವಸೆಗೂ ಮಿತಿಯಿದೆ. ಸಂದರ್ಶನದಲ್ಲಿ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದುಬಂದರೆ, ಪೋಕ್ಸೊ ಕಾಯ್ದೆ, 2012ರ ಸೆಕ್ಷನ್ 19ರಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಬಾಧ್ಯತೆಯನ್ನು ಸಂದರ್ಶನಕ್ಕೆ ಮೊದಲೇ ಮಗುವಿಗೆ ಅರ್ಥವಾಗುವಂತೆ ವಿವರಿಸದಿದ್ದರೆ, ಪಡೆದ ಸಮ್ಮತಿಯು ಅಪೂರ್ಣವೆನಿಸುತ್ತದೆ.

ಅಮೆರಿಕದೊಂದಿಗೆ ಹೋಲಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆರೋಗ್ಯ ಇಲಾಖೆಯ ನೆರವು ಪಡೆದ ಸಂಶೋಧನೆಗೆ ಕೈದಿಗಳ ಕುರಿತು 1978ರಲ್ಲಿ, ಮಕ್ಕಳ ಕುರಿತು 1983ರಲ್ಲಿ ಪ್ರತ್ಯೇಕ ನಿಯಮಗಳು ರೂಪುಗೊಂಡವು. ಬಂಧನದಲ್ಲಿರುವ ಬಾಲಕ ಅಥವಾ ಬಾಲಕಿಗೆ ಎರಡೂ ಅನ್ವಯಿಸುತ್ತವೆ. ಮನೆಯಲ್ಲಿದ್ದು ಪರಿವೀಕ್ಷಣೆಗೆ ಒಳಪಟ್ಟ ಮಗುವನ್ನು ಸಾಮಾನ್ಯವಾಗಿ ಕೈದಿಯೆಂದು ಪರಿಗಣಿಸುವುದಿಲ್ಲ; ಮಕ್ಕಳ ನಿಯಮಗಳು ಮಾತ್ರ ಅನ್ವಯಿಸುತ್ತವೆ.