ಋಣದ ಆಳು: ಗ್ರಾಂಟ್ ವಾರ್ಡ್ ಪಾತ್ರದಲ್ಲಿ ನಿಷ್ಠೆ ಮತ್ತು ದ್ರೋಹ

ಎಬಿಸಿ ವಾಹಿನಿ 2013ರಿಂದ 2020ರವರೆಗೆ ಏಳು ಸೀಸನ್‌ಗಳಲ್ಲಿ ಪ್ರಸಾರ ಮಾಡಿದ ‘ಏಜೆಂಟ್ಸ್ ಆಫ್ ಶೀಲ್ಡ್’ ಧಾರಾವಾಹಿಯಲ್ಲಿ ಗ್ರಾಂಟ್ ವಾರ್ಡ್ (ನಟ ಬ್ರೆಟ್ ಡಾಲ್ಟನ್) ಮೊದಲಿಗೆ ಸಪ್ಪೆ ಪಾತ್ರ. ಮಾತು ಕಡಿಮೆ, ಗುರಿ ತಪ್ಪದ ಕೈ, ತಂಡಕ್ಕೆ ಹೊಸದಾಗಿ ಸೇರಿದ ಸ್ಕೈಗೆ ತರಬೇತಿ ಕೊಡುವ ಕೆಲಸ. ಹದಿನಾರು ಕಂತು ಇಷ್ಟರಲ್ಲೇ ಕಳೆಯುತ್ತದೆ.

2014ರ ಏಪ್ರಿಲ್ 4ರಂದು ಅಮೆರಿಕದಲ್ಲಿ ತೆರೆಕಂಡ ‘ಕ್ಯಾಪ್ಟನ್ ಅಮೆರಿಕ: ದ ವಿಂಟರ್ ಸೋಲ್ಜರ್’ ಚಿತ್ರ, ಶೀಲ್ಡ್ ಎಂಬ ಗೂಢಚಾರ ಸಂಸ್ಥೆಯೊಳಗೆ ಅದರ ಶತ್ರುಸಂಘಟನೆ ಹೈಡ್ರಾ ದಶಕಗಳಿಂದ ಬೇರುಬಿಟ್ಟಿರುವುದನ್ನು ಬಯಲು ಮಾಡಿತು. ನಾಲ್ಕೇ ದಿನಕ್ಕೆ ಪ್ರಸಾರವಾದ ಧಾರಾವಾಹಿಯ 17ನೆಯ ಕಂತಿನ ಕೊನೆಯ ದೃಶ್ಯ ವಿಮಾನದೊಳಗಿನದು. ಹೈಡ್ರಾದವನೆಂದು ಸಿಕ್ಕಿಬಿದ್ದ ಜಾನ್ ಗ್ಯಾರೆಟ್ ಕೈಕೋಳದಲ್ಲಿ ಕೂತಿದ್ದಾನೆ. ಅವನನ್ನು ಕೊಲ್ಲುವ ಅವಕಾಶವನ್ನು ಹಿರಿಯ ಅಧಿಕಾರಿ ವಿಕ್ಟೋರಿಯಾ ಹ್ಯಾಂಡ್ ವಾರ್ಡ್‌ಗೆ ಕೊಡುತ್ತಾಳೆ. ವಾರ್ಡ್ ಎದ್ದು ನಿಂತು ಕಾವಲುಗಾರರನ್ನೂ ಅವಳನ್ನೂ ಗುಂಡಿಟ್ಟು ಕೊಲ್ಲುತ್ತಾನೆ. ಮುಖದಲ್ಲಿ ಸಿಟ್ಟೂ ಇಲ್ಲ, ಗೆಲುವಿನ ಕಳೆಯೂ ಇಲ್ಲ.

ಉಂಡ ಮನೆಗೆ ಎರಡು ಬಗೆದವನೆಂದು ಇವನನ್ನು ತಳ್ಳಿಹಾಕುವುದು ಸುಲಭ. ಆದರೆ ಇವನು ಮೊದಲು ಉಂಡದ್ದು ಯಾರ ಮನೆಯಲ್ಲಿ? ಅಣ್ಣ ಕ್ರಿಶ್ಚಿಯನ್‌ನ ಹಿಂಸೆಯಲ್ಲಿ ಬೆಳೆದು, ಮನೆಗೆ ಬೆಂಕಿಯಿಟ್ಟು ಬಾಲಾಪರಾಧಿಗಳ ಬಂಧನಗೃಹ ಸೇರಿದ್ದ ಹುಡುಗನನ್ನು ಹೊರತಂದವನು ಗ್ಯಾರೆಟ್. ಹಾಗೆ ತಂದವನೇ ವ್ಯೋಮಿಂಗ್‌ನ ಕಾಡಿನಲ್ಲಿ ಬಡ್ಡಿ ಎಂಬ ನಾಯಿಯೊಂದಿಗೆ ವರ್ಷಗಟ್ಟಲೆ ಬಿಟ್ಟ. ಕಡೆಗೆ ಆ ನಾಯಿಯನ್ನೂ ಕೊಲ್ಲೆಂದ. ಹೈಡ್ರಾದ ಸಿದ್ಧಾಂತಕ್ಕೆ ಈ ಶಿಕ್ಷಣದಲ್ಲಿ ಜಾಗವೇ ಇಲ್ಲ. ವಾರ್ಡ್ ಒಂದು ಪಕ್ಷಕ್ಕೆ ಸೇರಿದವನಲ್ಲ, ಒಬ್ಬ ಮನುಷ್ಯನ ಋಣಕ್ಕೆ ಬಿದ್ದವನು ಎಂಬುದು ನನ್ನ ಓದು. ಆ ಸೀಸನ್ನಿನ ಕೊನೆಗೆ ಗ್ಯಾರೆಟ್ ಸತ್ತಾಗ, ಇನ್ನು ಅವನಿಲ್ಲದೆ ತಾನು ಯಾರೆಂದು ಕಂಡುಕೊಳ್ಳಬೇಕಾದ ಸ್ಥಿತಿ ವಾರ್ಡ್‌ನದು. ಇವನು ಒಳಗೆ ಒಳ್ಳೆಯವನೇ ಎಂದು ಪಟ್ಟುಹಿಡಿದ ಅಭಿಮಾನಿಗಳೂ ಇದ್ದರು. ತಂಡದ ವಿಜ್ಞಾನಿಗಳಾದ ಫಿಟ್ಸ್ ಮತ್ತು ಸಿಮನ್ಸ್ ಇಬ್ಬರನ್ನೂ ಪೆಟ್ಟಿಗೆಯಂಥ ಕೋಣೆಯಲ್ಲಿ ಸಮುದ್ರಕ್ಕೆ ಬೀಳಿಸಿದ್ದನ್ನು, ಫಿಟ್ಸ್‌ನ ಮಿದುಳಿಗೆ ಅದರಿಂದ ಆದ ಹಾನಿಯನ್ನು ಅವರು ಹೇಗೆ ನುಂಗಿಕೊಂಡರೋ!

ಈ ಓದಿಗೆ ಗಟ್ಟಿಯಾದ ಆಧಾರ ನಾಲ್ಕನೆಯ ಸೀಸನ್ನಿನಲ್ಲಿದೆ. ಅಷ್ಟರಲ್ಲಿ ನಿಜವಾದ ವಾರ್ಡ್ ತಂಡದ ನಾಯಕ ಕೋಲ್ಸನ್‌ನ ಕೈಯಲ್ಲಿ ಸತ್ತಿರುತ್ತಾನೆ. ‘ಫ್ರೇಮ್‌ವರ್ಕ್’ ಎಂಬ ಗಣಕಲೋಕದಲ್ಲಿ ಹೈಡ್ರಾದ್ದೇ ಆಳ್ವಿಕೆ. ಅಲ್ಲಿನ ವಾರ್ಡ್ ಹೈಡ್ರಾದ ಅಧಿಕಾರಿಯಾಗಿದ್ದುಕೊಂಡೇ ಬಂಡಾಯಗಾರರಿಗಾಗಿ ಗೂಢಚರ್ಯೆ ನಡೆಸುತ್ತಾನೆ. ಕಸುಬು ಅದೇ, ಎರಡು ಮುಖವೂ ಅವೇ. ಬದಲಾದದ್ದು ಅವನನ್ನು ಎತ್ತಿಕೊಂಡ ಕೈ: ಗ್ಯಾರೆಟ್‌ನ ಜಾಗದಲ್ಲಿ ವಿಕ್ಟೋರಿಯಾ ಹ್ಯಾಂಡ್. ಎಲ್ಲ ವಿವರಿಸಿ ಮುಗಿಸುವ ಆತುರ ಈ ಜೋಡಣೆಯಲ್ಲಿ ಇಲ್ಲದಿಲ್ಲ. ಆದರೂ ಬರಹಗಾರರ ಜಾಣತನವನ್ನು ಮೆಚ್ಚಲೇಬೇಕು.

ಆದರೆ ಸಾಕಿದವರೇ ಎಲ್ಲಕ್ಕೂ ಕಾರಣವೆಂಬ ವಾದಕ್ಕೆ ಧಾರಾವಾಹಿಯೊಳಗೇ ಎರಡು ತೊಡಕುಗಳಿವೆ. ಗ್ಯಾರೆಟ್ ಸತ್ತು, ಆಜ್ಞೆ ಕೊಡುವವರೇ ಇಲ್ಲವಾದ ಮೇಲೂ ವಾರ್ಡ್ ಎರಡನೆಯ ಸೀಸನ್ನಿನಲ್ಲಿ ಅಣ್ಣನನ್ನೂ ಹೆತ್ತವರನ್ನೂ ಮುಗಿಸುತ್ತಾನೆ. ಇನ್ನೊಂದು ತೊಡಕು ತಮ್ಮ ಥಾಮಸ್. ಅದೇ ಮನೆಯಲ್ಲಿ, ಅದೇ ಅಣ್ಣನ ಭಯದಲ್ಲಿ ಬೆಳೆದ ಅವನು ಕೊಲೆಗಾರನಾಗಲಿಲ್ಲ. ಮೂರನೆಯ ಸೀಸನ್ನಿನಲ್ಲಿ ಕೋಲ್ಸನ್ ಅವನನ್ನು ವಾರ್ಡ್‌ನ ಸುಳಿವಿಗೆ ಬಳಸಿಕೊಳ್ಳುತ್ತಾನೆ. ಅಣ್ಣತಮ್ಮಂದಿರು ಫೋನಿನಲ್ಲಿ ಮಾತಾಡುತ್ತಾರೆ. ಥಾಮಸ್ ಹೇಗೆ ಬೇರೆಯಾದ ಎಂಬುದನ್ನು ಕೇಳಲು ಕಥೆಗೆ ಆಮೇಲೆ ಪುರುಸೊತ್ತಾಗಲಿಲ್ಲ.