ಪುಕ್ಕಟೆ ತಂತ್ರಾಂಶಕ್ಕೆ ಆಯ ಕೊಡುವವರು ಯಾರು?

ಸುಗ್ಗಿ ಮುಗಿದು ಕಣದಲ್ಲಿ ಜೋಳದ ರಾಶಿಯಾದ ದಿನ, ಧಾನ್ಯ ಮನೆ ಸೇರುವ ಮೊದಲೇ ಅದರಲ್ಲೊಂದು ಪಾಲು ಕಂಬಾರನಿಗೆ, ಇನ್ನೊಂದು ಪಾಲು ಬಡಿಗನಿಗೆ ಹೋಗುತ್ತಿತ್ತು. ಮಲಪ್ರಭೆಯ ದಂಡೆಯ ಮುನವಳ್ಳಿಯಿಂದ ಹಿಡಿದು ಸವದತ್ತಿ, ಬೈಲಹೊಂಗಲ, ರಾಮದುರ್ಗದ ಎರೆಹೊಲಗಳವರೆಗೆ ಜನ ಈ ಪಾಲನ್ನು ‘ಆಯ’ ಎಂದು ಕರೆದರು. ಅದನ್ನು ಪಡೆಯುವವರು ಆಯಗಾರರು. ಆ ದಿನ ಕಂಬಾರ ಏನನ್ನೂ ಮಾರುತ್ತಿರಲಿಲ್ಲ. ವರ್ಷವಿಡೀ ಕುಂಟೆಯ ಕುಡ ಮೊಂಡಾದಾಗಲೆಲ್ಲ ಬಡಿದು ಚೂಪು ಮಾಡಿಕೊಟ್ಟದ್ದಕ್ಕೆ ಅದು ಸಂಭಾವನೆ. ಬಡಿಗನ ಪಾಲೂ ಅಂಥದ್ದೇ: ಬಿತ್ತನೆಯ ಹದ ಇದ್ದಾಗ ಕೂರಿಗೆ ಮುರಿದರೆ ‘ನಾಳೆ ಬಾ’ ಎನ್ನದೆ ಆಗಲೇ ಸರಿಮಾಡಿಕೊಡುವ ಭರವಸೆಗೆ ಸಲ್ಲುತ್ತಿದ್ದ ಧಾನ್ಯ. ಎಷ್ಟು ಸಲ ಕುಲುಮೆಗೆ ಹೋಗಿದ್ದಾಯಿತು ಎಂಬ ಲೆಕ್ಕವನ್ನು ಯಾರೂ ಇಡುತ್ತಿರಲಿಲ್ಲ.

ಟ್ರ್ಯಾಕ್ಟರ್ ಮತ್ತು ನಗದು ಕೂಲಿ ಬಂದ ಮೇಲೆ ಈ ಪದ್ಧತಿ ಬಹುಮಟ್ಟಿಗೆ ಕಳಚಿಹೋಗಿದೆ. ಅದು ಸದಾ ನ್ಯಾಯವಾಗಿತ್ತೆಂದೂ ಹೇಳುವಂತಿಲ್ಲ. ಜಾತಿಗೆ ಕಟ್ಟುಬಿದ್ದ ದುಡಿಮೆ ಅದು. ಅಳೆಯುವ ಸೇರು ಯಾವಾಗಲೂ ಕೊಡುವವನ ಕೈಯಲ್ಲೇ ಇರುತ್ತಿತ್ತು. ಆದರೆ ಸೋಜಿಗವೆಂದರೆ, ಹಳ್ಳಿಯಲ್ಲಿ ಆಯ ಮರೆಯಾಗುತ್ತಿದ್ದ ಹೊತ್ತಿನಲ್ಲೇ ಅದನ್ನು ಹೋಲುವ ಒಂದು ಏರ್ಪಾಡು ಕಂಪ್ಯೂಟರ್ ಲೋಕದಲ್ಲಿ ತಲೆಯೆತ್ತಿತು.

ಪರೀಕ್ಷೆಯ ಫಲಿತಾಂಶ ನೋಡಲು ವಿದ್ಯಾರ್ಥಿಯೊಬ್ಬ ಮೊಬೈಲ್ ಒತ್ತಿದರೆ, ಆ ಕೋರಿಕೆ ದೂರದಲ್ಲೆಲ್ಲೋ ಇರುವ ಸರ್ವರ್‌ಗೆ ಹೋಗುತ್ತದೆ. ಸರ್ವರ್ ಎಂದರೆ ಹಗಲು ರಾತ್ರಿ ಎಚ್ಚರವಿದ್ದು ಕೇಳಿದವರಿಗೆ ಕೇಳಿದ್ದನ್ನು ಬಡಿಸುವ ಕಂಪ್ಯೂಟರ್. ಇಂದು ಜಗತ್ತಿನ ವೆಬ್ ಸರ್ವರ್‌ಗಳಲ್ಲಿ ಬಹುಪಾಲು ಲಿನಕ್ಸ್, ಅಪಾಚೆ, ಮೈಎಸ್‌ಕ್ಯೂಎಲ್‌ನಂಥ ಮುಕ್ತ ತಂತ್ರಾಂಶಗಳ ಮೇಲೆ ನಡೆಯುತ್ತವೆ. ಇವುಗಳ ಮೂಲ ಬರಹ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಓದಬಹುದು, ನಕಲು ಮಾಡಬಹುದು, ತಿದ್ದಬಹುದು. ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಹೀಗಿದ್ದರೂ ಬ್ಯಾಂಕುಗಳು, ವಿಮಾ ಸಂಸ್ಥೆಗಳು, ಸರ್ಕಾರಿ ಇಲಾಖೆಗಳು ಪ್ರತಿವರ್ಷ ಇವುಗಳಿಗಾಗಿ ದೊಡ್ಡ ಮೊತ್ತವನ್ನೇ ತೆರುತ್ತವೆ. ಪುಕ್ಕಟೆ ಸಿಗುವುದಕ್ಕೆ ದುಡ್ಡೇಕೆ ಎಂದು ಕೇಳಿದರೆ, ಉತ್ತರ ಆ ಜೋಳದ ಕಣದಲ್ಲೇ ಇದೆ. ಕೊಡುವುದು ವಸ್ತುವಿಗಲ್ಲ, ದುರಸ್ತಿಗೆ.

ತೇಪೆಯಿಂದ ಹುಟ್ಟಿದ ಸರ್ವರ್

ಮುಕ್ತ ತಂತ್ರಾಂಶ ಚಳವಳಿಯ ಮೂಲಪುರುಷ ರಿಚರ್ಡ್ ಸ್ಟಾಲ್‌ಮನ್ ಕೂಡ ದುಡ್ಡು ಮುಟ್ಟದ ಸನ್ಯಾಸಿಯಾಗಿರಲಿಲ್ಲ. 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದ ಅವರು, 1985ರ ಸುಮಾರಿಗೆ ತಮ್ಮ ಇಮ್ಯಾಕ್ಸ್ ತಂತ್ರಾಂಶವನ್ನು ಟೇಪಿನಲ್ಲಿ ತುಂಬಿ 150 ಡಾಲರಿಗೆ ಕಳಿಸಿಕೊಡುತ್ತಿದ್ದರು. ಜಾಲದಿಂದ ಇಳಿಸಿಕೊಳ್ಳಬಲ್ಲವರಿಗೆ ಅದೇ ತಂತ್ರಾಂಶ ಉಚಿತ. ಅವರ ವಾದದಲ್ಲಿ ಸ್ವಾತಂತ್ರ್ಯ ಬೇರೆ, ಬೆಲೆ ಬೇರೆ. ಈ ವಾದವನ್ನು ವ್ಯಾಪಾರವಾಗಿ ಕಂಡವರು ಮೈಕೆಲ್ ಟೀಮನ್, ಜಾನ್ ಗಿಲ್ಮೋರ್ ಮತ್ತು ಡೇವಿಡ್ ಹೆಂಕೆಲ್-ವಾಲೇಸ್. 1989ರಲ್ಲಿ ಇವರು ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಸಿಗ್ನಸ್ ಕಂಪೆನಿ, ಮುಕ್ತ ತಂತ್ರಾಂಶಕ್ಕೆ ಹಣ ಪಡೆದು ಬೆಂಬಲ ನೀಡುವುದನ್ನೇ ಕಸುಬು ಮಾಡಿಕೊಂಡಿತು. ಎಲ್ಲರಿಗೂ ಬಿಟ್ಟಿ ಸಿಗುವುದನ್ನು ನಂಬಿ ಅಂಗಡಿ ತೆರೆದವರನ್ನು ಆಗ ನಕ್ಕವರೇ ಹೆಚ್ಚು.

ದುರಸ್ತಿ ಈ ಲೋಕದಲ್ಲಿ ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಅಪಾಚೆ ಸರ್ವರಿನ ಹುಟ್ಟೇ ಸಾಕ್ಷಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ವೆಬ್ ಸರ್ವರ್ ಆಗ ಎಲ್ಲೆಡೆ ಬಳಕೆಯಲ್ಲಿತ್ತು. 1994ರಲ್ಲಿ ಮೆಕೂಲ್ ಕೆಲಸ ಬಿಟ್ಟು ಹೋದರು. ತಂತ್ರಾಂಶಕ್ಕೆ ಹೇಳುವವರು ಕೇಳುವವರಿಲ್ಲದಂತಾಯಿತು. ಬಳಸುತ್ತಿದ್ದವರು ತಮ್ಮ ತಮ್ಮ ಯಂತ್ರಗಳಲ್ಲಿ ಕಂಡ ದೋಷಗಳಿಗೆ ತಾವೇ ತೇಪೆ ಹಾಕಿಕೊಳ್ಳತೊಡಗಿದರು. ಇಂಥ ತೇಪೆಗೆ ಆ ಕಸುಬಿನಲ್ಲಿ ‘ಪ್ಯಾಚ್’ ಎಂದು ಹೆಸರು. 1995ರಲ್ಲಿ ಬ್ರಯನ್ ಬೆಲೆನ್‌ಡಾರ್ಫ್ ಮತ್ತು ಕೆಲವು ಗೆಳೆಯರು ಈ ತೇಪೆಗಳನ್ನೆಲ್ಲ ಒಟ್ಟುಗೂಡಿಸಿ ಹೊಲಿದದ್ದೇ ಅಪಾಚೆ. ಹೆಸರು ಅಮೆರಿಕದ ಮೂಲನಿವಾಸಿ ಬುಡಕಟ್ಟಿಗೆ ಗೌರವವೆಂದು ಹೇಳುತ್ತಾರಾದರೂ, ‘ಎ ಪ್ಯಾಚಿ ಸರ್ವರ್’ ಎಂಬ ಶ್ಲೇಷೆಯೂ ಅದರಲ್ಲಿ ಅಡಗಿದೆ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಯ ಚೂರುಗಳಿಂದ ಕೌದಿ ಹೊಲಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ವರ್ಷದಲ್ಲಿ ಈ ಕೌದಿ ಜಗತ್ತಿನ ಅತಿ ಹೆಚ್ಚು ಬಳಕೆಯ ವೆಬ್ ಸರ್ವರ್ ಆಯಿತು.

ಆಯವನ್ನು ಕ್ರಮಬದ್ಧ ವ್ಯಾಪಾರವಾಗಿ ನಿಲ್ಲಿಸಿದ್ದು ರೆಡ್ ಹ್ಯಾಟ್. 1990ರ ದಶಕದಲ್ಲಿ ಲಿನಕ್ಸ್ ಸಿ.ಡಿ.ಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದ ಈ ಕಂಪೆನಿ, 2002ರಿಂದ ದೊಡ್ಡ ಸಂಸ್ಥೆಗಳಿಗೆಂದೇ ಬೇರೆ ಆವೃತ್ತಿಯನ್ನು ತಂದು ವಾರ್ಷಿಕ ಚಂದಾ ಪದ್ಧತಿಗೆ ಹೊರಳಿತು. ಚಂದಾದಾರನಿಗೆ ಸಿಗುವುದೇನು? ದೋಷ ಕಂಡುಬಂದಾಗ ಪರೀಕ್ಷಿಸಿದ ತೇಪೆ, ನಡುರಾತ್ರಿ ಸರ್ವರ್ ಮಲಗಿದರೆ ಫೋನಿಗೆ ಓಗೊಡುವ ಎಂಜಿನಿಯರ್, ಮತ್ತು ಒಂದು ಆವೃತ್ತಿಯನ್ನು ಹತ್ತು ವರ್ಷ ಕೈಬಿಡುವುದಿಲ್ಲವೆಂಬ ಮಾತು.

ಈ ಕೊನೆಯದು ಕೇಳಲು ಸುಲಭ, ಮಾಡಲು ಕಷ್ಟ. ಮುಕ್ತ ತಂತ್ರಾಂಶ ಬರೆಯುವವರು ಸದಾ ಹೊಸ ಆವೃತ್ತಿಯತ್ತ ಓಡುತ್ತಿರುತ್ತಾರೆ. ದೋಷವನ್ನು ಅಲ್ಲೇ ಸರಿಪಡಿಸಿ ಮುಂದೆ ಹೋಗುತ್ತಾರೆ. ಆದರೆ ಬ್ಯಾಂಕಿನವರು ಅಷ್ಟು ಸಲೀಸಾಗಿ ಹೊಸದಕ್ಕೆ ಹೋಗಲಾರರು. ಹಳೆಯದರ ಮೇಲೆ ಖಾತೆ, ಸಾಲ, ಬಡ್ಡಿಯ ಲೆಕ್ಕದ ಹತ್ತಾರು ತಂತ್ರಾಂಶಗಳು ನಿಂತಿರುತ್ತವೆ. ಅಡಿಪಾಯ ಅಲುಗಿದರೆ ಎಲ್ಲವೂ ಅಲುಗೀತು. ಆಗ ಕಂಪೆನಿಯ ಎಂಜಿನಿಯರರು ಹೊಸ ಆವೃತ್ತಿಯಿಂದ ಆ ಒಂದು ತಿದ್ದುಪಡಿಯನ್ನಷ್ಟೇ ಬಿಡಿಸಿ ತಂದು, ಐದಾರು ವರ್ಷ ಹಳೆಯದಾದ ಬರಹಕ್ಕೆ ಒಗ್ಗಿಸುತ್ತಾರೆ. ಹೊಸ ಕೀಲನ್ನು ಅಜ್ಜನ ಕಾಲದ ಚೌಕಟ್ಟಿಗೆ ಕೂರಿಸುವ ಬಡಿಗನ ಕೆಲಸವಿದು. ಇದರಲ್ಲಿ ಹೆಸರಿಲ್ಲ, ಹೊಸದನ್ನು ಕಟ್ಟಿದ ಸಂತೋಷವೂ ಇಲ್ಲ. ಹಾಗಾಗಿಯೇ ಇದಕ್ಕೆ ಸ್ವಯಂಸೇವಕರು ಸಿಗುವುದು ಅಪರೂಪ, ಸಂಬಳ ಕೊಟ್ಟೇ ಮಾಡಿಸಬೇಕು.

ನಕ್ಕವರ ಲೆಕ್ಕ ತಪ್ಪಿತು. ಸಿಗ್ನಸ್ಸನ್ನು 1999ರಲ್ಲಿ ಕೊಂಡ ರೆಡ್ ಹ್ಯಾಟ್, 2012ರಲ್ಲಿ ವರ್ಷಕ್ಕೆ 100 ಕೋಟಿ ಡಾಲರ್ ವರಮಾನ ದಾಟಿದ ಮೊದಲ ಮುಕ್ತ ತಂತ್ರಾಂಶ ಕಂಪೆನಿಯಾಯಿತು. 2019ರಲ್ಲಿ ಐಬಿಎಂ ಅದನ್ನು 3,400 ಕೋಟಿ ಡಾಲರಿಗೆ ಖರೀದಿಸಿತು.

ನೀರುಗಂಟಿಯ ಕೆಲಸ

ಕುಡ ಮೊಂಡಾದದ್ದು ರೈತನ ಕೈಗೆ ತಿಳಿಯುತ್ತದೆ. ಸರ್ವರ್ ಸೊರಗುವುದು ಹಾಗೆ ತಿಳಿಯುವುದಿಲ್ಲ. ಡಿಸ್ಕ್ ತುಂಬುತ್ತಾ ಬರುತ್ತದೆ, ನೆನಪಿನ ಕೋಶ ಸಾಲದಾಗುತ್ತದೆ, ಉತ್ತರ ಬರುವುದು ಕ್ಷಣ ಕ್ಷಣಕ್ಕೂ ತಡವಾಗುತ್ತದೆ; ಕೊನೆಗೊಂದು ದಿನ ಎಲ್ಲವೂ ನಿಲ್ಲುತ್ತದೆ. ಕರ್ನಾಟಕದ ಕೆರೆಗಳಿಗೆ ನೀರುಗಂಟಿಗಳಿದ್ದರು. ತೂಬು ಎತ್ತುವುದು, ಇಳಿಸುವುದು, ಏರಿಯಲ್ಲಿ ಒಸರು ಕಂಡರೆ ಊರಿಗೆ ಕೂಗಿ ಹೇಳುವುದು ಅವರ ಪಾಲಿನ ಕೆಲಸ. ಪ್ರತಿಫಲವಾಗಿ ಬೆಳೆಯಲ್ಲಿ ಪಾಲು. ಸರ್ವರ್‌ಗಳಿಗೆ ಇಂಥ ನೀರುಗಂಟಿಯಾಗಿ ಬಂದದ್ದು ನಿಗಾ ತಂತ್ರಾಂಶಗಳು. 1999ರಲ್ಲಿ ಈಥನ್ ಗಾಲ್‌ಸ್ಟಾಡ್ ಬಿಡುಗಡೆ ಮಾಡಿದ, ಮುಂದೆ ನಾಗಿಯೋಸ್ ಎಂದು ಹೆಸರಾದ ತಂತ್ರಾಂಶ ಇವುಗಳಲ್ಲಿ ಪ್ರಸಿದ್ಧ. ಅದು ಕೆಲವು ನಿಮಿಷಗಳಿಗೊಮ್ಮೆ ಪ್ರತಿಯೊಂದು ಯಂತ್ರದ ಬಾಗಿಲು ತಟ್ಟಿ ‘ಇದ್ದೀಯಾ?’ ಎಂದು ಕೇಳುತ್ತದೆ. ಉತ್ತರ ಬಾರದಿದ್ದರೆ ಮೇಲ್ವಿಚಾರಕನಿಗೆ ಸುದ್ದಿ ಮುಟ್ಟಿಸುತ್ತದೆ.

ತೇಪೆ, ಸಲಹೆ, ನಿಗಾ ಮೂರನ್ನೂ ಒಂದೇ ಅಂಗಡಿಯಲ್ಲಿ ಮಾರುವ ಯತ್ನವೂ ನಡೆಯಿತು. ಜಾವಾ ಭಾಷೆಯ ತಂತ್ರಾಂಶಗಳಿಗೆ ಹೆಸರಾದ ಸ್ಪ್ರಿಂಗ್‌ಸೋರ್ಸ್ ಕಂಪೆನಿ 2008ರಲ್ಲಿ ಅಪಾಚೆ ಸರ್ವರ್‌ಗೆ ಬೆಂಬಲ ನೀಡುತ್ತಿದ್ದ ಕೊವೇಲೆಂಟ್ ಅನ್ನೂ, 2009ರಲ್ಲಿ ನಿಗಾ ತಂತ್ರಾಂಶದ ಹೈಪರಿಕ್ ಅನ್ನೂ ಕೊಂಡಿತು. ಕೆಲವೇ ತಿಂಗಳಲ್ಲಿ ವಿಎಂವೇರ್ ಆ ಸ್ಪ್ರಿಂಗ್‌ಸೋರ್ಸನ್ನೇ ಸುಮಾರು 42 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಸಣ್ಣ ಮೀನು, ದೊಡ್ಡ ಮೀನಿನ ಕಥೆ.

ಬೆಂಗಳೂರಿನ ದಾರಿ

ಭಾರತದಲ್ಲಿ ಅನೇಕರು ಲಿನಕ್ಸನ್ನು ಮೊದಲು ಕಂಡದ್ದು 1996ರಲ್ಲಿ, ಪಿಸಿ ಕ್ವೆಸ್ಟ್ ಪತ್ರಿಕೆಯೊಂದಿಗೆ ಬಂದ ಸಿ.ಡಿ.ಯಲ್ಲಿ. ಅದರ ಹಿಂದಿದ್ದ ಅತುಲ್ ಚಿಟ್ನಿಸ್ ಮತ್ತು ಗೆಳೆಯರು 2001ರಲ್ಲಿ ಬೆಂಗಳೂರಿನಲ್ಲಿ ‘ಲಿನಕ್ಸ್ ಬೆಂಗಳೂರು’ ಸಮಾವೇಶ ನಡೆಸಿದರು. 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡ ಈ ಜಾತ್ರೆ 2012ರವರೆಗೆ ನಡೆಯಿತು. ಮುಂದಿನ ವರ್ಷ ಚಿಟ್ನಿಸ್ ತೀರಿಕೊಂಡರು. ಬಳಸುವುದು ಸಾಕು, ಭಾರತೀಯರು ಬರೆದು ಕೊಡುವುದನ್ನೂ ಕಲಿಯಬೇಕು ಎಂಬುದು ಆ ಸಮಾವೇಶದ ಕೊನೆಯ ವರ್ಷಗಳ ಒತ್ತಾಯವಾಗಿತ್ತು. ಇದೇ ನಗರದಲ್ಲಿ 2000ದಲ್ಲಿ ಆರಂಭವಾದ ಡೀಪ್‌ರೂಟ್ ಲಿನಕ್ಸ್ ಎಂಬ ಸಣ್ಣ ಸಂಸ್ಥೆ, ಮುಕ್ತ ತಂತ್ರಾಂಶದ ಸರ್ವರ್‌ಗಳನ್ನು ಕಟ್ಟಿಕೊಟ್ಟು ನೋಡಿಕೊಳ್ಳುವ ಕಸುಬನ್ನು ನಡೆಸಿತು. ಮುಂದೆ ಆಧಾರ್‌ನಂಥ ಬೃಹತ್ ವ್ಯವಸ್ಥೆಯ ತಂತ್ರಜ್ಞಾನ ಕೇಂದ್ರವೂ ಬೆಂಗಳೂರಿನಲ್ಲೇ ನೆಲೆಸಿತು. ಅದರ ರಚನೆಯಲ್ಲಿ ಮುಕ್ತ ತಂತ್ರಾಂಶಗಳ ಪಾತ್ರ ದೊಡ್ಡದು. 2015ರಲ್ಲಿ ಕೇಂದ್ರ ಸರ್ಕಾರ ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು.

ದುಡ್ಡಿದ್ದವರು ಚಂದಾ ಕಟ್ಟಿದರು. ಇಲ್ಲದವರಿಗೆ ಸೆಂಟ್‌ಓಎಸ್ ಇತ್ತು. ರೆಡ್ ಹ್ಯಾಟ್ ಬಹಿರಂಗಪಡಿಸುತ್ತಿದ್ದ ಮೂಲ ಬರಹದಿಂದಲೇ ಕಟ್ಟಿದ, ಹೆಚ್ಚುಕಡಿಮೆ ತದ್ರೂಪವಾದ, ಚಂದಾ ಇಲ್ಲದ ಆವೃತ್ತಿ ಇದು. ಕಾಲೇಜು, ಸಣ್ಣ ಕಂಪೆನಿಗಳಿಗೆ ಇದೇ ಆಧಾರವಾಗಿತ್ತು. ನೆರೆಯವನ ಹೊಲಕ್ಕೆ ಬಂದ ಕಂಬಾರನಿಂದ ತನ್ನ ಕುಡವನ್ನೂ ಬಡಿಸಿಕೊಂಡಂತೆ ಎಂದು ಬೇಕಾದರೆ ಟೀಕಿಸಬಹುದು, ಆದರೆ ಪರವಾನಗಿಯೇ ಅದಕ್ಕೆ ಅವಕಾಶ ಕೊಟ್ಟಿತ್ತು. 2014ರಲ್ಲಿ ರೆಡ್ ಹ್ಯಾಟ್ ಈ ಯೋಜನೆಯನ್ನು ತನ್ನ ಮಡಿಲಿಗೆ ತೆಗೆದುಕೊಂಡಿತು. 2020ರ ಡಿಸೆಂಬರಿನಲ್ಲಿ ಒಂದು ಪ್ರಕಟಣೆ ಹೊರಟಿತು: 2029ರವರೆಗೆ ಬಾಳಬೇಕಿದ್ದ ಸೆಂಟ್‌ಓಎಸ್ 8, 2021ರ ಡಿಸೆಂಬರ್ 31ಕ್ಕೇ ಮುಗಿಯುತ್ತದೆ. ನಂಬಿ ಕೂತವರು ಕಂಗಾಲಾದರು. ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಹೊಸ ತದ್ರೂಪಗಳು ಹುಟ್ಟಿದವು. ಹಳೆಯ ಸೆಂಟ್‌ಓಎಸ್ 7ಕ್ಕೂ 2024ರ ಜೂನ್ 30ರಂದು ತೇಪೆಗಳು ನಿಂತವು. ನೋಡಿಕೊಳ್ಳುವ ಎಂಜಿನಿಯರ್ ಇಲ್ಲದ ಸಣ್ಣ ಊರಿನ ಕಚೇರಿಗೆ ಇಂಥ ದಿನ ಬಂದುಹೋದದ್ದೂ ತಿಳಿಯುವುದಿಲ್ಲ. ಯಂತ್ರ ನಡೆಯುತ್ತಲೇ ಇರುತ್ತದೆ, ಬೀಗ ಮಾತ್ರ ಸಡಿಲವಾಗಿರುತ್ತದೆ.

ಆಯ ತಲುಪದ ಕುಲುಮೆ

ಮುನವಳ್ಳಿಯ ಪಂಚಲಿಂಗೇಶ್ವರ ಗುಡಿ ಸೇವುಣ ಅರಸರ ಕಾಲದ್ದು. ಆ ಕಾಲದ ಮತ್ತು ಅದಕ್ಕೂ ಹಿಂದಿನ ಕನ್ನಡ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದು, ಬಿರುಕುಬಿಟ್ಟದ್ದು, ಹಳತಾದದ್ದನ್ನು ಸರಿಪಡಿಸಲಿಕ್ಕೆಂದು ಭೂಮಿಯನ್ನೋ ಸುಂಕದ ಪಾಲನ್ನೋ ಬಿಟ್ಟುಕೊಡುತ್ತಿದ್ದರು. ಗುಡಿ ಕಟ್ಟಿಸುವ ದಿನವೇ ಅದು ಬಿರುಕುಬಿಡುವ ದಿನವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಕೆರೆಗಳಿಗೂ ‘ಬಿತ್ತುವಟ್ಟ’ದಂಥ ಏರ್ಪಾಡುಗಳಿದ್ದವು.

ಮುಕ್ತ ತಂತ್ರಾಂಶದಲ್ಲಿ ಈ ಲೆಕ್ಕ ತಪ್ಪಿದ್ದು ಎಲ್ಲಿ ಎಂಬುದು 2014ರ ಏಪ್ರಿಲ್‌ನಲ್ಲಿ ಬಯಲಾಯಿತು. ಸರ್ವರ್‌ಗಳ ಗುಪ್ತ ಸಂಭಾಷಣೆಗೆ ಬೀಗ ಹಾಕುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಎರಡು ವರ್ಷದಿಂದ ಅಡಗಿದ್ದ ದೋಷವೊಂದು ಪತ್ತೆಯಾಯಿತು. ‘ಹಾರ್ಟ್‌ಬ್ಲೀಡ್’ ಎಂದು ಅದರ ಹೆಸರು. ಜಗತ್ತಿನ ಬ್ಯಾಂಕುಗಳೂ ಅಂಗಡಿಗಳೂ ನೆಚ್ಚಿದ್ದ ಈ ತಂತ್ರಾಂಶಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಚಂದಾ ವಸೂಲಿ ಮಾಡುತ್ತಿದ್ದ ದೊಡ್ಡ ಅಂಗಡಿಗಳೆಲ್ಲ ಇದನ್ನು ತಮ್ಮ ಪೆಟ್ಟಿಗೆಯೊಳಗೆ ಸೇರಿಸಿಯೇ ಕೊಡುತ್ತಿದ್ದವು. ಆಯ ಅಂಗಡಿಯವರೆಗೆ ಬಂದಿತ್ತು, ಕುಲುಮೆಯವರೆಗೆ ಬಂದಿರಲಿಲ್ಲ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಇನ್ನೊಂದು ತಂತ್ರಾಂಶದ ವಿಷಯದಲ್ಲೂ ಇದೇ ಆಯಿತು. ಬಿಡುವಿನ ವೇಳೆಯಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು ಇಡೀ ಜಗತ್ತಿಗೆ ತೇಪೆ ಹೊಲಿಯಲು ನಿದ್ದೆಗೆಟ್ಟು ಕೂತರು.

ಹಣದ ಹರಿವನ್ನು ಕುಲುಮೆಯತ್ತ ತಿರುಗಿಸುವ ಕೆಲವು ಯತ್ನಗಳು ಆಗಿವೆ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಝಿರೋದಾ 2024ರ ಅಕ್ಟೋಬರಿನಲ್ಲಿ, ತಾನು ನೆಚ್ಚಿರುವಂಥ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ‘ಫ್ಲಾಸ್ ಫಂಡ್’ ಘೋಷಿಸಿತು. ಭಾರತದ ಕಂಪೆನಿಯೊಂದು ಇಂಥ ಮೊತ್ತವನ್ನು ಇದಕ್ಕೆಂದು ತೆಗೆದಿಟ್ಟದ್ದು ಸಣ್ಣ ಸಂಗತಿಯಲ್ಲ.

ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ನಡೆದದ್ದು ಮಾತ್ರ ಇನ್ನೂ ಮೈನಡುಗಿಸುವಂಥದ್ದು. ಮೈಕ್ರೋಸಾಫ್ಟ್‌ನಲ್ಲಿ ದುಡಿಯುತ್ತಿದ್ದ ಆಂಡ್ರೆಸ್ ಫ್ರಾಯಿಂಡ್, ತಮ್ಮ ಲಿನಕ್ಸ್ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಅರ್ಧ ಸೆಕೆಂಡು ಹೆಚ್ಚು ತಗಲುತ್ತಿರುವುದನ್ನು ಗಮನಿಸಿದರು. ಒಸರು ಕಂಡ ನೀರುಗಂಟಿಯ ಹಾಗೆ ಅದರ ಬೆನ್ನು ಹತ್ತಿ ಹೋದಾಗ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇರಿಸಿದ್ದು ಕಂಡಿತು. ಅದನ್ನು ಬಹುಕಾಲ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸ್ಸೆ ಕಾಲಿನ್. ದಣಿದಿದ್ದ ಅವರಿಗೆ ನೆರವಾಗುತ್ತೇನೆಂದು ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಬಂದ ಅಪರಿಚಿತನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿಕೊಟ್ಟು, ನಂಬಿಕೆ ಗಳಿಸಿ, ಕೀಲಿಕೈ ಪಡೆದು ಈ ಕೆಲಸ ಮಾಡಿದ್ದ. ಕಳ್ಳಬಾಗಿಲು ಇದ್ದ ಆವೃತ್ತಿ ಪ್ರಮುಖ ಸರ್ವರ್‌ಗಳನ್ನು ತಲುಪುವ ಮೊದಲೇ ಸಿಕ್ಕಿಬಿತ್ತು. ಆ ಹೆಸರಿನ ಹಿಂದಿದ್ದವರು ಯಾರೆಂಬುದು ಬಯಲಾಗಿಲ್ಲ. ಕಾಲಿನ್ ಮತ್ತೆ ಕುಳಿತು ಬರಹವನ್ನು ಸಾಲು ಸಾಲಾಗಿ ಪರಿಶೀಲಿಸಿ, 2024ರ ಮೇ 29ರಂದು ಕಳ್ಳಬಾಗಿಲು ಕಿತ್ತ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಎಂದಿನಂತೆ ಅದನ್ನೂ ಯಾರು ಬೇಕಾದರೂ ಪುಕ್ಕಟೆ ಪಡೆಯಬಹುದಿತ್ತು.