ಅನ್ಯಗ್ರಹದ ಹಳೆ ಪಾತ್ರಗಳಿಗೆ ಹೊಸ ಬಣ್ಣ

ಧುಪದಾಳದ ಸುತ್ತಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಕಥೆ ಗೊತ್ತಿಲ್ಲದವರು ಕಡಿಮೆ. ಈ ಆಟವನ್ನು ರಂಗದ ಮೇಲೆ ಬೆಳೆಸಿದ ಕುಲಗೋಡ ತಮ್ಮಣ್ಣ ಈ ನೆಲದವರೇ, ಅದರಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮನೂ ಈ ನೆಲದವಳೇ. ಭಾಮೆ ಮುನಿಯುತ್ತಾಳೆಂಬುದು ನೋಡಲು ಕೂತವರಿಗೆಲ್ಲ ಗೊತ್ತು. ಈ ಸಲದ ಭಾಮೆ ಹೇಗೆ ಮುನಿಯುತ್ತಾಳೆ ಎಂಬುದಷ್ಟೇ ಕುತೂಹಲ. ದೊಡ್ಡಾಟದ ರಕ್ಕಸನ ಪಾಡೂ ಇದೇ. ಅವನು ಸೋಲುವುದು ಖಾತ್ರಿ. ಆದರೂ ಗಟ್ಟಿ ದನಿಯ, ಗಟ್ಟಿ ಮೈಕಟ್ಟಿನ ಆಟಗಾರನನ್ನೇ ಹುಡುಕಿ ಆ ವೇಷ ಕಟ್ಟಿಸುತ್ತಾರೆ.

ಹಾಲಿವುಡ್ ಇಂಥ ಮರುಕಟ್ಟುವಿಕೆಗೆ 'ರೀಬೂಟ್' ಎಂದು ಹೆಸರಿಟ್ಟು ದೊಡ್ಡ ವ್ಯಾಪಾರ ಮಾಡಿಕೊಂಡಿದೆ. ಅಲ್ಲಿ ರಕ್ಕಸರ ಜಾಗದಲ್ಲಿರುವವರು ಅನ್ಯಗ್ರಹದ ಕುಲಗಳು. ಪ್ರೇಕ್ಷಕರಿಗೆ ಅವರ ಹೆಸರು ಗೊತ್ತು, ಮೋರೆ ಗೊತ್ತು, ಗುಣ ಗೊತ್ತು. ಇವುಗಳಲ್ಲಿ ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು? ಅರ್ಧ ಶತಮಾನಕ್ಕೂ ಮಿಕ್ಕಿದ ಈ ಪ್ರಯೋಗಗಳಲ್ಲಿ ಗೆದ್ದವೂ ಇವೆ, ನೆಲಕಚ್ಚಿದವೂ ಇವೆ.

ಅತಿ ಹೆಚ್ಚು ಮೋರೆ ಬದಲಿಸಿದವರು 'ಸ್ಟಾರ್ ಟ್ರೆಕ್'ನ ಕ್ಲಿಂಗನ್ನರು. 1967ರಲ್ಲಿ ಟಿ.ವಿ. ಧಾರಾವಾಹಿಯಲ್ಲಿ ಮೊದಲು ಕಾಣಿಸಿಕೊಂಡಾಗ ಅವರ ಬಳಿ ಇದ್ದದ್ದು ಕಂದು ಬಣ್ಣ, ದಪ್ಪ ಹುಬ್ಬು, ಗಡ್ಡಮೀಸೆ, ಅಷ್ಟೇ. ಅದಕ್ಕಿಂತ ಹೆಚ್ಚಿನದಕ್ಕೆ ದುಡ್ಡಿರಲಿಲ್ಲ. 1979ರ ಚಲನಚಿತ್ರಕ್ಕೆ ದುಡ್ಡು ಬಂತು, ಹಣೆಯ ಮೇಲೆ ಮೂಳೆಯ ಏಣುಗಳೂ ಎದ್ದವು. 1984ರ ಚಿತ್ರದ ಹೊತ್ತಿಗೆ ಭಾಷಾವಿಜ್ಞಾನಿ ಮಾರ್ಕ್ ಒಕ್ರಾಂಡ್ ಅವರಿಗೊಂದು ವ್ಯಾಕರಣಬದ್ಧ ಭಾಷೆಯನ್ನೇ ಕಟ್ಟಿಕೊಟ್ಟರು; ಮರುವರ್ಷ ಅದರ ನಿಘಂಟೂ ಅಚ್ಚಾಯಿತು. ಹಾಗಾದರೆ ಮೊದಲಿನವರ ಹಣೆ ಯಾಕೆ ಬೋಳಾಗಿತ್ತು? 1996ರ ಒಂದು ಕಂತಿನಲ್ಲಿ ಕ್ಲಿಂಗನ್ ಪಾತ್ರವೊಂದು, ಆ ವಿಷಯವನ್ನು ಹೊರಗಿನವರ ಮುಂದೆ ಆಡುವುದಿಲ್ಲ ಎಂದು ಹೇಳಿ ಜಾರಿಕೊಂಡಿತು. ನಕ್ಕು ಮುಗಿಸಬೇಕಾದ ಮಾತದು. ಆದರೆ 2005ರಲ್ಲಿ ಇನ್ನೊಂದು ಧಾರಾವಾಹಿ ವೈರಾಣು, ವಂಶವಾಹಿ ಎಂದೆಲ್ಲ ಹೇಳಿ ಅದಕ್ಕೂ ಕಾರಣ ಕೊಟ್ಟಿತು. ಬಣ್ಣದ ಡಬ್ಬಿಯ ಬಡತನಕ್ಕೆ ವೈದ್ಯಕೀಯ ಸರ್ಟಿಫಿಕೇಟು!

2009ರಲ್ಲಿ ಜೆ.ಜೆ. ಏಬ್ರಾಮ್ಸ್ 'ಸ್ಟಾರ್ ಟ್ರೆಕ್' ಅನ್ನು ಹೊಸದಾಗಿ ಶುರುಮಾಡಿದಾಗ ಬುದ್ಧಿವಂತಿಕೆ ತೋರಿದ್ದು ಬೇರೆ ಕಡೆ. ಸರಣಿಯ ಮುಖ್ಯ ಪಾತ್ರವಾದ ಸ್ಪಾಕ್‌ನ ಕುಲದವರಾದ ವಲ್ಕನ್ನರ ಚೂಪು ಕಿವಿಯನ್ನು ಅವರು ಮುಟ್ಟಲಿಲ್ಲ. ಅವರ ಗ್ರಹವನ್ನೇ ನುಂಗಿಹಾಕಿದರು. ಉಳಿದವರು ಹತ್ತು ಸಾವಿರಕ್ಕಿಂತ ಹೆಚ್ಚಿರಲಾರರು ಎಂದು ಸ್ಪಾಕ್ ಲೆಕ್ಕ ಹೇಳುವಾಗ, ತರ್ಕವೇ ಉಸಿರಾಗಿದ್ದ ಕುಲವೊಂದು ನೆಲೆ ಕಳೆದುಕೊಂಡವರ ಗುಂಪಾಗಿರುತ್ತದೆ. ರೂಪ ಅದೇ, ಗುಣ ಅದೇ, ಹಣೆಬರಹ ಮಾತ್ರ ಬೇರೆ. ರೀಬೂಟ್‌ಗಳಲ್ಲಿ ಇಷ್ಟು ದಿಟ್ಟವಾದ ಬದಲಾವಣೆ ಅಪರೂಪ. ಅದೇ ತಂಡ 2013ರ ಚಿತ್ರದಲ್ಲಿ ಕ್ಲಿಂಗನ್ನರಿಗೆ ಶಿರಸ್ತ್ರಾಣ ತೊಡಿಸಿ, ಹಣೆಯ ಏಣಿಗೆ ಉಂಗುರ ಚುಚ್ಚಿಸಿತು. ಅದು ಬರೀ ಸಿಂಗಾರವಾಗಿ ಉಳಿಯಿತು.

ಎಚ್.ಜಿ. ವೆಲ್ಸ್‌ನ 1898ರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯ ಮಂಗಳವಾಸಿಗಳು ಮೂರು ಕಾಲಿನ ಯಂತ್ರಗಳಲ್ಲಿ ಬರುತ್ತಾರೆ. 1953ರ ಚಿತ್ರ ಆ ಕಾಲುಗಳನ್ನು ಬಿಟ್ಟು, ತಂತಿಗೆ ತೂಗಿದ ಹಾರುವ ಯಂತ್ರಗಳನ್ನು ತೋರಿಸಿತು. 2005ರಲ್ಲಿ ಸ್ಪೀಲ್‌ಬರ್ಗ್ ಮೂರು ಕಾಲನ್ನು ಮರಳಿ ತಂದರು, ಮಂಗಳ ಗ್ರಹವನ್ನು ಕೈಬಿಟ್ಟರು. ಅಷ್ಟು ಹೊತ್ತಿಗೆ ಮಂಗಳನ ಮೇಲೆ ರೋವರ್‌ಗಳು ಓಡಾಡುತ್ತಿದ್ದವು; ಅಲ್ಲಿಂದ ಸೈನ್ಯ ಬಂತೆಂದರೆ ನಂಬುವವರು ಯಾರು?

ಮನುಷ್ಯರನ್ನು ಬೇಟೆಯಾಡುವ ಅನ್ಯಗ್ರಹಿಯ 'ಪ್ರೆಡೇಟರ್' ಸರಣಿಯ ಕಥೆ ಬೇರೆ. 1987ರ ಮೂಲಚಿತ್ರಕ್ಕೆ ಮೊದಲು ಮಾಡಿಸಿದ ವೇಷ ಕಾಡಿನ ಚಿತ್ರೀಕರಣದಲ್ಲಿ ಕೈಕೊಟ್ಟಿತ್ತು. ಸ್ಟ್ಯಾನ್ ವಿನ್‌ಸ್ಟನ್ ಹೊಸ ವೇಷ ಮಾಡಿಕೊಟ್ಟರು. ಏಳಡಿಗೂ ಎತ್ತರದ ಕೆವಿನ್ ಪೀಟರ್ ಹಾಲ್ ಅದನ್ನು ತೊಟ್ಟರು. ಆಮೇಲಿನ ಕೆಲವು ಚಿತ್ರಗಳು ಆ ಬೇಟೆಗಾರನನ್ನು ಇನ್ನೂ ದೊಡ್ಡದು ಮಾಡಲು ಹೋಗಿ ಸಪ್ಪೆಯಾದವು. 2022ರ 'ಪ್ರೇ' ಚಿತ್ರದಲ್ಲಿ ಡ್ಯಾನ್ ಟ್ರಾಕ್ಟೆನ್‌ಬರ್ಗ್ ಹಿಂದಕ್ಕೆ ನಡೆದರು: ಕಾಲ 1719, ಎದುರಾಳಿ ಕೊಮಾಂಚೆ ಬುಡಕಟ್ಟಿನ ಹುಡುಗಿ, ಬೇಟೆಗಾರನ ಮುಖವಾಡ ಮೂಳೆಯದು. 2025ರ 'ಪ್ರೆಡೇಟರ್: ಬ್ಯಾಡ್‌ಲ್ಯಾಂಡ್ಸ್'ನಲ್ಲಿ ಅವರೇ ಆ ಕುಲದ ದುರ್ಬಲ ತರುಣನೊಬ್ಬನನ್ನು ನಾಯಕನನ್ನಾಗಿ ಮಾಡಿದರು. ಅನ್ಯಗ್ರಹದ ಶತ್ರುವಿನ ಕಣ್ಣಿನಿಂದ ಕಥೆ ನೋಡಲು ಈ ಸರಣಿಗೆ ಮೂವತ್ತೆಂಟು ವರ್ಷ ಹಿಡಿಯಿತು.

ಕನ್ನಡಕ್ಕೆ ಅಷ್ಟು ಹೊತ್ತು ಬೇಕಾಗಲಿಲ್ಲ. 1958ರ 'ಭೂಕೈಲಾಸ'ದಲ್ಲೇ ರಾಜ್‌ಕುಮಾರ್ ಅವರ ರಾವಣ ಶಿವಭಕ್ತ, ತಾಯಿಯ ಮಗ. ಪ್ರೇಕ್ಷಕರ ಮರುಕವೆಲ್ಲ ಅವನ ಕಡೆಗೇ. ಮರುವರ್ಷ ಅವರು ಮಹಿಷಾಸುರನಾದರು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪುವಾಗಿ, ಮಗ ಪುನೀತನ ಎದುರು ಅಪ್ಪನ ಅಕ್ಕರೆಯನ್ನೂ ಅಸುರನ ಅಹಂಕಾರವನ್ನೂ ಒಂದೇ ಮೋರೆಯಲ್ಲಿ ತಂದರು. ಹೊಂಬಾಳೆ ಸಂಸ್ಥೆ ಅರ್ಪಿಸಿದ 2025ರ 'ಮಹಾವತಾರ ನರಸಿಂಹ'ದಲ್ಲಿ ಅದೇ ಅಸುರ ಕಂಪ್ಯೂಟರಿನಲ್ಲಿ ಮೂಡಿದ ದೈತ್ಯ. ಗಾತ್ರದಲ್ಲಿ ಅವನೇ ಮೇಲು, ಕಾಡುವುದರಲ್ಲಿ 1983ರವನು.

ಕಂಪ್ಯೂಟರು ಕೆಡಿಸಿದ್ದಕ್ಕೆ ದೊಡ್ಡ ನಿದರ್ಶನ 'ದಿ ಥಿಂಗ್'. ಜಾನ್ ಕ್ಯಾಂಪ್‌ಬೆಲ್‌ನ 1938ರ ಕಥೆಯಲ್ಲಿ ಮಂಜಿನಡಿ ಸಿಕ್ಕ ಜೀವಿ ಯಾರ ರೂಪವನ್ನಾದರೂ ತಾಳಬಲ್ಲದು. 1951ರ ಚಿತ್ರ ಅದನ್ನು ಬಿಟ್ಟು, ಸಸ್ಯಜನ್ಯವಾದ ಎತ್ತರದ ಆಸಾಮಿಯೊಬ್ಬನನ್ನು ನಿಲ್ಲಿಸಿತು. 1982ರಲ್ಲಿ ಜಾನ್ ಕಾರ್ಪೆಂಟರ್ ಮೂಲಕ್ಕೆ ಮರಳಿದರು. ರಾಬ್ ಬಾಟಿನ್ ರಬ್ಬರು, ಅಂಟುದ್ರವಗಳಲ್ಲೇ ಆ ರೂಪಾಂತರಗಳನ್ನು ಮಾಡಿ ತೋರಿಸಿದರು. ಎರಡು ವಾರ ಮೊದಲಷ್ಟೇ 'ಇ.ಟಿ.' ತೆರೆಕಂಡು ಜನ ಮುದ್ದು ಅನ್ಯಗ್ರಹಿಗೆ ಮನಸೋತಿದ್ದರು; ವಿಮರ್ಶಕರು ಇದನ್ನು ಹೇಸಿ ತಳ್ಳಿದರು. ಇಂದು ಅದೇ ಚಿತ್ರ ಈ ಪ್ರಕಾರದ ಮೇರುಕೃತಿ. 2011ರ ಚಿತ್ರಕ್ಕೆ ಕುಶಲಕರ್ಮಿಗಳು ಮತ್ತೆ ಕೈಯಿಂದಲೇ ಜೀವಿಗಳನ್ನು ಮಾಡಿಕೊಟ್ಟಿದ್ದರು. ನಿರ್ಮಾಪಕರು ಅದರ ಬಹುಪಾಲನ್ನು ಕಂಪ್ಯೂಟರ್ ಚಿತ್ರಗಳಿಂದ ಮುಚ್ಚಿಬಿಟ್ಟರು. ಆ ಕೈಕೆಲಸದ ತುಣುಕುಗಳು ಇಂಟರ್ನೆಟ್ಟಿನಲ್ಲಿವೆ. 1982ರ ಚಿತ್ರ, 2011ರ ಚಿತ್ರ, ಕೊನೆಗೆ ಆ ತುಣುಕುಗಳು: ಈ ಕ್ರಮದಲ್ಲಿ ನೋಡಿ, ಊಟಕ್ಕೆ ಮೊದಲು ಮಾತ್ರ ಬೇಡ.